ನೀರು ಹಾಕಿಸಿಕೊಳ್ಳುವ ಮಾತು

ನನ್ನ ಯಜಮಾನರು ಚಿತ್ರದುರ್ಗಕ್ಕೆ ಹೋಗಿ ಬಂದಾಗಲೆಲ್ಲ ನಾನು ಮೊದಲು ಅವರ ತಲೆಗೂದಲು ನೋಡುತ್ತಿದ್ದೆ, ಒದ್ದೆಯಾಗಿದೆಯೋ ಇಲ್ಲವೋ ಎಂದು. ದುರ್ಗದಿಂದ ಹೊಳಲ್ಕೆರೆಗೆ ಎತ್ತಿನ ಗಾಡಿಯಲ್ಲಿ ಒಂದು ಹಗಲಿನ ದಾರಿ. ಅಷ್ಟರೊಳಗೆ ಎಂಥ ಒದ್ದೆ ತಲೆಯಾದರೂ ಒಣಗಿ ಧೂಳು ಹಿಡಿದಿರುತ್ತದೆ ಎಂಬುದು ನನಗೆ ಹೊಳೆಯುತ್ತಲೇ ಇರಲಿಲ್ಲ. ಆಮೇಲೆ ಕಣ್ಣು ಅವರ ಎದೆಯ ಕಡೆ ಹೋಗುತ್ತಿತ್ತು. ಅಂಗಿಯೊಳಗೆ ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಉಬ್ಬಿಕೊಂಡಿರುವುದು ಕಂಡರೆ, ಲಿಂಗ ಮೈಮೇಲಿದೆ, ಈ ಸಲವೂ ಏನೂ ಆಗಿಲ್ಲ ಎಂದು ಉಸಿರು ಬಿಟ್ಟು ಕಾಲಿಗೆ ನೀರು ಕೊಡುತ್ತಿದ್ದೆ.

ಮಾರಿ ಕಣಿವೆಯಲ್ಲಿ ವೇದಾವತಿಗೆ ದೊಡ್ಡ ಕಟ್ಟೆ ಕಟ್ಟುತ್ತಿದ್ದ ಕಾಲ ಅದು. ನನ್ನ ತವರು ಹಿರಿಯೂರಿನಾಚೆಯ ಜವನಗೊಂಡನಹಳ್ಳಿ. ಅಪ್ಪ ತೀರಿಹೋಗಿದ್ದರು, ಅಣ್ಣ ಕಟ್ಟೆಯ ಕೆಲಸಕ್ಕೆ ಸುಣ್ಣ ಸಾಗಿಸುವ ಗಾಡಿಗಳನ್ನು ಇಟ್ಟುಕೊಂಡು ಮನೆ ನಡೆಸುತ್ತಿದ್ದ. ನನ್ನನ್ನು ಕೊಟ್ಟಿದ್ದು ಹೊಳಲ್ಕೆರೆಯ ಕೊಬ್ಬರಿ ವ್ಯಾಪಾರದ ಮನೆಗೆ. ಯಜಮಾನರು ಹೊಸದುರ್ಗದ ತೋಟಗಳಲ್ಲಿ ಕೊಬ್ಬರಿ ಕೊಂಡು ದುರ್ಗದ ಮಂಡಿಗೆ ಹಾಕುತ್ತಿದ್ದರು. ಮನೆಯಲ್ಲಿ ವಿಧವೆ ಅತ್ತೆ, ನಾವಿಬ್ಬರು, ಆಗ ತಾನೇ ಮಾತು ಕಲಿಯುತ್ತಿದ್ದ ನಮ್ಮ ಮಗಳು. ಪಕ್ಕದ ಮನೆಯಲ್ಲಿ ಯಜಮಾನರ ಚಿಕ್ಕಪ್ಪ. ವ್ಯಾಪಾರ ಇಬ್ಬರದೂ ಕೂಡಿಯೇ ಇತ್ತು.

ಯಜಮಾನರು ಚಿಕ್ಕವರಿದ್ದಾಗ ದುರ್ಗದ ಮಿಷನ್ ಶಾಲೆಯಲ್ಲಿ ಓದಿದವರು. ಅಲ್ಲಿ ಅವರ ಜೊತೆ ಓದಿದವನೊಬ್ಬ ಈಗ ಅಲ್ಲೇ ಪಾದ್ರಿಗಳ ಕೈಕೆಳಗೆ ಉಪದೇಶಿಯಾಗಿದ್ದ. ಮಂಡಿಯ ಕೆಲಸ ಮುಗಿದ ಮೇಲೆ ಇವರು ಅವನ ಮನೆಗೆ ಹೋಗಿ ಕೂರುತ್ತಾರೆ ಎಂದು ಗಾಡಿಯವನಿಂದ ನನಗೆ ಗೊತ್ತಾಗಿತ್ತು. ಗೆಳೆಯ ಎಂದುಕೊಂಡು ಸುಮ್ಮನಿದ್ದೆ. ಒಂದು ಬೆಳಿಗ್ಗೆ ಹಿತ್ತಲಲ್ಲಿ ನಾನು ಪಾತ್ರೆ ಬೆಳಗುತ್ತಿದ್ದಾಗ ಅವರೇ ಬಂದು ಬಾವಿಯ ಕಟ್ಟೆಯ ಮೇಲೆ ಕುಳಿತು ಹೇಳಿದರು.

“ನಾನು ಯೇಸುಸ್ವಾಮೀನ ನಂಬೀನಿ ಕಣೆ. ನಿಂಗೆ ಹೇಳ್ದೆ ಇರಾದು ತಪ್ಪಾಗ್ತತೆ.”

ನನಗೆ ಭಯವೇನೂ ಆಗಲಿಲ್ಲ. “ನಂಬ್ರಿ. ಬ್ಯಾಡ ಅಂದೋರ್ಯಾರು?” ಎಂದೆ.

“ನಂಬಿದ್ರೆ ಮುಗೀಲಿಲ್ಲ. ನೀರು ಹಾಕಿಸ್ಕಬೇಕು. ದೀಕ್ಷಾಸ್ನಾನ ಅಂತಾರೆ.”

“ಹಾಕಿಸ್ಕಂಡ್ರೆ ಏನಾಗ್ತತೆ?”

ಅವರು ಕರಡಿಗೆಯನ್ನು ಮುಟ್ಟಿಕೊಂಡರು, ಇದನ್ನು ಬಿಚ್ಚಬೇಕು ಎನ್ನುವ ಹಾಗೆ. ನನ್ನ ಕೈಯಲ್ಲಿದ್ದ ಹುಣಸೆಹಣ್ಣು ಕೆಳಗೆ ಬಿತ್ತು. ನಂಬಿಕೆ ಅನ್ನುವುದು ಒಳಗಿನದು. ಯಾರ ಕಣ್ಣಿಗೂ ಬೀಳುವುದಿಲ್ಲ, ಯಾರ ಪಂಕ್ತಿಯಿಂದಲೂ ಏಳಿಸುವುದಿಲ್ಲ. ನೀರು ಹಾಗಲ್ಲ. ನೀರು ಬಿದ್ದ ದಿನ ಮನೆ ಎರಡಾಗುತ್ತದೆ. ಅವತ್ತಿನಿಂದ ನನಗೆ ಆ ನೀರಿನದೇ ಚಿಂತೆ ಹಿಡಿಯಿತು. ಅಡಿಗೆಗೆ ಕೂತರೆ ಅದೇ, ಮಗಳಿಗೆ ಎರೆಯಲು ಕೂತರೂ ಅದೇ.

ಸುದ್ದಿ ಹೇಗೋ ತವರಿಗೂ ಮುಟ್ಟಿತು. ಅಣ್ಣ ಗಾಡಿ ಬಿಟ್ಟು ಓಡಿಬಂದ. ಯಜಮಾನರು ಹೊಸದುರ್ಗಕ್ಕೆ ಹೋಗಿದ್ದರು. ಜಗಲಿಯ ಮೇಲೆ ಕುಳಿತು ದನಿ ಇಳಿಸಿ ಹೇಳಿದ:

“ಹಿರಿಯೂರಿನ ವಕೀಲರನ್ನ ಕೇಳ್ಕಂಡೇ ಬಂದೀನಿ ತಂಗಿ. ನಮ್ ಮಹಾರಾಜ್ರ ಸೀಮೇಲಿ ಹಂಗೆ ನೀರು ಹಾಕಿಸ್ಕಂಡೋನಿಗೆ ಮನ್ಯಾಗೂ ಪಾಲಿಲ್ಲ, ಹೊಲ್ದಾಗೂ ಪಾಲಿಲ್ಲ. ಹೆಂಡ್ತಿ ಮಕ್ಳನ್ನೂ ಕೇಳಂಗಿಲ್ಲಂತೆ. ಅಂಥಾದ್ದೇನಾರ ಆದ್ರೆ ಮಗೀನ ಎತ್ಕಂಡು ಬಂದ್ಬಿಡು. ಬರ್ದಿದ್ರೆ ನಾನೇ ಬಂದು ಕರ್ಕಂಡ್ ಹೋಗ್ತೀನಿ.”

ಅತ್ತೆ ಒಳಗೆ ಅಕ್ಕಿ ಆರಿಸುತ್ತಿದ್ದರು. ಎಲ್ಲ ಕೇಳಿಸಿಕೊಂಡರು ಎಂದು ನನಗೆ ಗೊತ್ತಿತ್ತು. ಆದರೆ ಹೊರಗೆ ಬಂದು, “ಏನಪ್ಪ, ಉಂಡು ಹೋಗು” ಎಂದಷ್ಟೇ ಹೇಳಿದರು. ಅವರು ಏನೂ ಕೇಳದೆ ಇದ್ದದ್ದು ನನ್ನ ಹೆದರಿಕೆಯನ್ನು ಇನ್ನೂ ಹೆಚ್ಚಿಸಿತು.

ಆ ಬೇಸಿಗೆಯಲ್ಲಿ ಮಗಳಿಗೆ ಕಣ್ಣುಬೇನೆ ಬಂತು. ದುರ್ಗದ ಸರ್ಕಾರಿ ಆಸ್ಪತ್ರೆಗೆ ತೋರಿಸುತ್ತೇನೆಂದು ನಾನೂ ಯಜಮಾನರ ಗಾಡಿ ಹತ್ತಿದೆ. ಕಣ್ಣಿಗೆ ಔಷಧಿ ಹಾಕಿಸಿಕೊಂಡದ್ದಾಯಿತು. ಅವರು ಮಂಡಿಗೆ ಹೋದ ಹೊತ್ತು ನೋಡಿಕೊಂಡು, ಮಗಳನ್ನು ಸೊಂಟಕ್ಕೆ ಏರಿಸಿ, ದಾರಿ ಕೇಳಿಕೊಂಡು ಉಪದೇಶಿಯ ಮನೆ ಹುಡುಕಿದೆ. ಕೋಟೆಯ ಬಂಡೆಗಳ ಕೆಳಗೆ ಸಣ್ಣ ಹೆಂಚಿನ ಮನೆ. ಬಾಗಿಲಲ್ಲಿ ಉಪದೇಶಿಯ ಹೆಂಡತಿ ಸೊಪ್ಪು ಸೋಸುತ್ತಿದ್ದಳು. ನಾನು ಯಾರ ಮನೆಯವಳು ಎಂದು ಹೇಳುತ್ತಲೇ ಎದ್ದು ನಿಂತಳು.

“ಒಳಗೆ ಬರ್ರಿ, ಕುಂತ್ಕಳ್ರಿ. ಬಿಸ್ಲಾಗೆ ಬಂದೀರಿ, ನೀರು ತರ್ತೀನಿ.”

“ನೀರು ಬ್ಯಾಡ್ರಿ,” ಎಂದುಬಿಟ್ಟೆ. ಎಷ್ಟು ಗಾಬರಿಯಿಂದ ಎಂದೆನೆಂದರೆ ಅವಳಿಗೆ ನಗು ಬಂತು. ನಾನು ಹೊಸ್ತಿಲ ಹೊರಗೇ ಕುಳಿತೆ. ಉಪದೇಶಿ ಒಳಗಿಂದ ಬಂದು ಗೋಡೆಗೆ ಒರಗಿ ನಿಂತ. ತೆಳ್ಳಗೆ, ಮೃದುವಾಗಿ ಮಾತಾಡುವ ಮನುಷ್ಯ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋಗಿ ನೇರವಾಗಿ ಕೇಳಿದೆ:

“ಅವ್ರು ನಿಮ್ ಸ್ವಾಮೀನ ನಂಬ್ಯಾರೆ. ಅದುಕ್ಕೆ ನಾನು ಅಡ್ಡ ಬರಲ್ಲ. ನೀರು ಹಾಕಿಸ್ಕಳ್ದೇ ಹಂಗೇ ಇದ್ರೆ ನಿಮ್ ಸ್ವಾಮಿ ಅವ್ರನ್ನ ಕೈಬಿಡ್ತಾನ? ನಿಜ ಹೇಳ್ರಿ.”

ಅವನು ಬಹಳ ಹೊತ್ತು ಮಾತಾಡಲಿಲ್ಲ. ಸುಳ್ಳು ಹೇಳುವವನಾಗಿದ್ದರೆ ಬೇಗ ಹೇಳುತ್ತಿದ್ದ ಎಂದು ಈಗ ಅನ್ನಿಸುತ್ತದೆ. ಕೊನೆಗೆ ನನ್ನ ಎದುರು ನೆಲದ ಮೇಲೆ ಕುಳಿತು ಒಂದು ಸಂಗತಿ ಹೇಳಿದ. ಅವರ ಸ್ವಾಮಿಯನ್ನು ಶಿಲುಬೆಗೆ ಹಾಕಿದಾಗ ಪಕ್ಕದಲ್ಲಿ ಒಬ್ಬ ಕಳ್ಳನನ್ನೂ ಹಾಕಿದ್ದರಂತೆ. ಸಾಯುವ ಗಳಿಗೆಯಲ್ಲಿ ಆ ಕಳ್ಳ, ನನ್ನನ್ನು ನೆನೆಸಿಕೋ ಎಂದು ಬೇಡಿಕೊಂಡನಂತೆ. ಇವತ್ತೇ ನೀನು ನನ್ನ ಜೊತೆ ಇರುತ್ತೀ ಎಂದು ಸ್ವಾಮಿ ಮಾತು ಕೊಟ್ಟನಂತೆ.

“ಅವನಿಗೆ ಯಾರೂ ನೀರು ಹಾಕಿರ್ಲಿಲ್ಲವ್ವ,” ಎಂದ ಉಪದೇಶಿ. “ನೀರು ಕಾಪಾಡಲ್ಲ. ಕಾಪಾಡೋನು ಅವನು. ನೀರು ಗುರುತು. ಆದ್ರೆ ಒಂದು ತಿಳ್ಕಳ್ರಿ, ಆ ಗುರುತನ್ನ ತಗೋ ಅಂತ ಹೇಳ್ದೋನೂ ಅವನೇ. ನಂಬ್ದೋನಿಗೆ ಅದು ಬ್ಯಾಡ ಅನ್ನಾಕೆ ಬರಲ್ಲ.”

ನಾನು ಮೊದಲರ್ಧ ಮಾತ್ರ ಕೇಳಿಸಿಕೊಂಡೆ. ನೀರಿಲ್ಲದೆಯೂ ಆಗುತ್ತದೆ! ಕುಣಿದಾಡುವಷ್ಟು ಸಂತೋಷವಾಯಿತು. ಏಳುವಾಗ ಅವನ ಹೆಂಡತಿ ನನ್ನ ಜೊತೆ ಬೀದಿಯ ತಿರುವಿನವರೆಗೆ ಬಂದಳು. ಗಂಡನಿಗೆ ಕೇಳಿಸದಷ್ಟು ದೂರ ಬಂದ ಮೇಲೆ ಹೇಳಿದಳು: “ನಮ್ಮವ್ವನೂ ನಂಬಿದ್ಲು ಕಣ್ರಿ. ಪಾದ್ರಿಗಳು ಬರೋದ್ರೊಳಗೆ ಕಾಲರಾದಾಗೆ ಹೋಗ್ಬಿಟ್ಲು. ನಮ್ಮನೇರು ಈ ಕಳ್ಳನ ಮಾತನ್ನ ನಂಗೂ ಹೇಳ್ತಾರೆ. ಆದ್ರೂ ದಿನಾ ಬೆಳಿಗ್ಗೆ ಪ್ರಾರ್ಥನೇಲಿ ನಾನು ಕೇಳ್ತಾನೇ ಇದೀನಿ, ನಮ್ಮವ್ವ ನಿನ್ ಹತ್ರ ಅವಳಾ ಅಂತ.” ಆ ಮಾತಿಗೆ ನಾನು ನಿಲ್ಲಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು.

ವಾಪಸು ಬರುವಾಗ ಗಾಡಿ ಊರು ದಾಟಿ ಬಯಲಿಗೆ ಬರುವವರೆಗೆ ತಡೆದುಕೊಂಡಿದ್ದೆ. ಮಗಳು ಮಡಿಲಲ್ಲಿ ನಿದ್ದೆ ಹೋಗಿದ್ದಳು. ಗಾಡಿಯವನು ಎತ್ತುಗಳ ಮುಂದೆ ನಡೆಯುತ್ತಿದ್ದ. ಎಲ್ಲ ಹೇಳಿದೆ, ಉಪದೇಶಿಯ ಮನೆಗೆ ಹೋದದ್ದು, ಕಳ್ಳನ ಸಂಗತಿ, ಎಲ್ಲ. “ಅವನಿಗೆ ನಡೀತು ಅಂದ್ಮೇಲೆ ನಿಮ್ಗೂ ನಡೀತತೆ. ಒಳಗೊಳಗೇ ನಂಬ್ಕಂಡು ಇದ್ಬಿಡ್ರಿ” ಎಂದೆ.

ಅವರು ನನ್ನನ್ನು ಗದರಿಸುತ್ತಾರೆ ಎಂದುಕೊಂಡಿದ್ದೆ. ಗದರಿಸಲಿಲ್ಲ. ತಮ್ಮ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬಿಡಿಸಿ ನೋಡಿಕೊಂಡರು.

“ಆ ಕಳ್ಳನ ಕೈಗೆ ಮೊಳೆ ಹೊಡ್ದಿದ್ರು ಕಣೆ. ಇಳಿದು ಬಂದು ನೀರಿನ ಹತ್ರ ಹೋಗಾಕೆ ಅವನಿಗೆ ಆಗ್ತಿರ್ಲಿಲ್ಲ. ನನ್ ಕೈಕಾಲು ಚೆನ್ನಾಗವೆ.”

ಕಣ್ಣಲ್ಲಿ ನೀರು ತುಂಬಿಕೊಂಡು ಬಂತು. ಸಿಟ್ಟೂ ಬಂತು. “ಹಂಗಾದ್ರೆ ನಾವೇ ಮೊಳೆ ಅಂತ ತಿಳ್ಕಳ್ರಿ,” ಎಂದೆ. “ನಾನೊಂದು, ಈ ಕೂಸೊಂದು, ಅತ್ತೆ ಒಂದು. ಕಿತ್ಕಂಡು ಹೋಗಾಕಾದ್ರೆ ಹೋಗ್ರಿ.”

ಅವರು ಮುಖ ಆ ಕಡೆ ತಿರುಗಿಸಿದರು. ಆಮೇಲೆ ಅವರು ನೀರಿನ ಮಾತು ಎತ್ತಲಿಲ್ಲ. ದುರ್ಗಕ್ಕೆ ಹೋದರೂ ಬೇಗ ತಿರುಗಿ ಬರುತ್ತಿದ್ದರು.

ನಾನು ಗೆದ್ದೆ ಎಂದುಕೊಂಡೆ. ಆದರೆ ಗೆದ್ದ ಮೇಲೆ ಮನೆಯಲ್ಲಿ ನಗು ಇರಲಿಲ್ಲ. ಅವರಿಗೆ ಒಂದು ಬಗೆಯ ಹೆದರಿಕೆ ಹತ್ತಿಕೊಂಡಿತು. ಗಾಡಿ ಹಳ್ಳಕ್ಕೆ ಇಳಿಯುವಾಗ ಕೆಳಗಿಳಿದು ನಡೆಯುತ್ತಿದ್ದರಂತೆ. ಕತ್ತಲಾದ ಮೇಲೆ ಹುಲ್ಲಿನ ಬಣವೆಯ ಹತ್ತಿರ ಹೋಗುತ್ತಿರಲಿಲ್ಲ, ಹಾವು ಎಂದು. ಒಂದು ಕೆಮ್ಮು ಬಂದರೆ ನಾಡಿ ಹಿಡಿದುಕೊಂಡು ಕೂರುತ್ತಿದ್ದರು. ಮೊದಲು ಹಾಗಿದ್ದವರಲ್ಲ, ಹೊಳೆ ತುಂಬಿದ್ದಾಗ ಗಾಡಿ ಹೊಡೆದುಕೊಂಡು ಬಂದವರು. ಸಾವಿಗೆ ಹೆದರುತ್ತಿರಲಿಲ್ಲ ಅವರು. ಕೈಕಾಲು ಚೆನ್ನಾಗಿದ್ದೂ ನೀರಿಗೆ ಹೋಗದೆ ಕುಳಿತವನೆಂದು ಅಲ್ಲಿ ಸ್ವಾಮಿಯ ಎದುರು ನಿಲ್ಲಬೇಕಲ್ಲ ಎಂದು ಹೆದರುತ್ತಿದ್ದರು. ಉಂಡ ಅನ್ನ ಅವರ ಮೈಗೆ ಹತ್ತುತ್ತಿರಲಿಲ್ಲ.

ಮುಂದಿನ ವರ್ಷ ಊರಿಗೆ ಪ್ಲೇಗು ಬಂತು. ಎಲ್ಲರ ಹಾಗೆ ನಾವೂ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಂಡೆವು. ಅಲ್ಲಿ ಅವರಿಗೆ ಜ್ವರ ಬಂತು. ಮೈ ಕಾವಲಿಯ ಹಾಗೆ ಸುಡುತ್ತಿತ್ತು. ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡದೆ ಅವರ ಕಂಕುಳು, ತೊಡೆಸಂದಿ ಮುಟ್ಟಿ ಮುಟ್ಟಿ ನೋಡುತ್ತಿದ್ದೆವು, ಗಡ್ಡೆ ಎದ್ದಿದೆಯೇ ಎಂದು. ಜ್ವರದ ತಾಪದಲ್ಲಿ ಅವರು ನನ್ನ ಕೈ ಹಿಡಿದು ಕೇಳಿದರು, “ಅಲ್ಲಿ ಏನಂತ ಹೇಳ್ಲಿ? ನೀನೇ ಹೇಳ್ಕೊಡು, ಏನಂತ ಹೇಳ್ಲಿ?” ಮಗ್ಗಿ ಮರೆತ ಮಗು ಕೇಳಿದ ಹಾಗೆ ಕೇಳಿದರು. ಬೇರೆ ಏನಾದರೂ ತಡೆದುಕೊಳ್ಳಬಹುದಿತ್ತು, ಆ ಕೇಳುವಿಕೆಯನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

ಗಡ್ಡೆ ಏಳಲಿಲ್ಲ. ಬರೀ ಚಳಿಜ್ವರ, ಬೆವರಿ ಬಿಟ್ಟುಹೋಯಿತು. ಎದ್ದು ಕುಳಿತು ಗಂಜಿ ಕುಡಿಯುವಂತಾದ ದಿನ, ಅತ್ತೆಯ ಎದುರಿಗೇ ನಾನು ಹೇಳಿದೆ: “ಹೋಗ್ರಿ. ಹಾಕಿಸ್ಕಂಡ್ ಬರ್ರಿ.”

ಅವರು ಬಟ್ಟಲು ಕೆಳಗಿಟ್ಟು ತಾಯಿಯ ಮುಖ ನೋಡಿದರು. ಅತ್ತೆ ಒಲೆಯ ಉರಿ ಸರಿಮಾಡುತ್ತಿದ್ದರು. ತಿರುಗದೆಯೇ ಹೇಳಿದರು:

“ನಂಗೇನು ಕಿವಿ ಇಲ್ಲ ಅನ್ಕಂಡೀಯ? ಎರಡು ವರ್ಷದಿಂದ ನೋಡ್ತಾ ಇದೀನಿ. ಹುಟ್ಟಿದಾಗ ಅಯ್ಯನೋರ ಕೈಲಿ ಲಿಂಗ ಕಟ್ಸಿದ್ದು ನಾನು. ಬಿಚ್ಚೋದಾದ್ರೆ ನನ್ ಕೈಗೇ ಬಿಚ್ಚಿ ಕೊಡು. ಆ ಪಾದ್ರಿ ಕೈಗೂ ಕೊಡಬ್ಯಾಡ, ಕೆರೆಗೂ ಹಾಕಬ್ಯಾಡ.”

ಕೊರಳಿನ ಶಿವದಾರ ಬಿಚ್ಚಲು ಅವರ ಕೈ ಬರಲಿಲ್ಲ. ಅತ್ತೆಯೇ ಹತ್ತಿರ ಬಂದು ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು. ಗುರುತು ಅಷ್ಟೇ, ಗುರುತು ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡಿದ್ದೆನಲ್ಲ, ಗುರುತು ಎಂದರೆ ಏನೆಂದು ಆ ಗಳಿಗೆಯಲ್ಲಿ ಗೊತ್ತಾಯಿತು.

ಅವರು ದುರ್ಗಕ್ಕೆ ಹೋದ ಭಾನುವಾರವೇ ನೀರು ಹಾಕಿಸಿಕೊಂಡರು. ಸುದ್ದಿ ಬಂದ ಕೂಡಲೇ ಚಿಕ್ಕಪ್ಪ ವ್ಯಾಪಾರವನ್ನು ತಮ್ಮ ಕೈಗೆ ತೆಗೆದುಕೊಂಡು, ನಮ್ಮ ಮನೆಗೆ ಬೀಗ ಜಡಿದು, ಅತ್ತೆಯನ್ನು ತಮ್ಮ ಮನೆಗೆ ಕರೆದುಕೊಂಡರು. ಅಣ್ಣ ಹೇಳಿದ ಹಾಗೆ ಗಾಡಿ ತಂದು ನನ್ನನ್ನೂ ಮಗಳನ್ನೂ ಜವನಗೊಂಡನಹಳ್ಳಿಗೆ ಕರೆದೊಯ್ದ. ಯಾರೂ ನನ್ನನ್ನು ಬೈಯಲಿಲ್ಲ. ಅತ್ತಿಗೆ ಬಿಸಿ ರೊಟ್ಟಿ ಹಾಕುತ್ತಿದ್ದಳು. ಆದರೆ ಊರಿನ ಹೆಂಗಸರು ಬಂದು, ಗಂಡ ಸತ್ತವಳನ್ನು ನೋಡುವ ಹಾಗೆ ನನ್ನನ್ನು ನೋಡಿ ಹೋಗುತ್ತಿದ್ದರು. ಯಜಮಾನರು ದುರ್ಗದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದಾರೆ ಎಂದು ಗಾಡಿಯವರಿಂದ ಗೊತ್ತಾಯಿತು. ನಾನು ಹೋಗುತ್ತೇನೆ ಎಂದು ಅಣ್ಣನಿಗೆ ಒಂದು ದಿನ ಹೇಳಿಯೇಬಿಟ್ಟೆ.

“ನೀನು ಹೋಗಾದಾದ್ರೆ ಹೋಗು. ಕೂಸನ್ನ ಕಳ್ಸಲ್ಲ,” ಎಂದ. ಕೆಟ್ಟವನಲ್ಲ ಅವನು. ಅವನ ಕಣ್ಣಲ್ಲೂ ನೀರಿತ್ತು. “ಅದುನ್ನೂ ಆ ನೀರಿಗೆ ಕೊಡಾಕೆ ನನ್ ಕೈಲಿ ಆಗಲ್ಲವ್ವ.”

ಇಬ್ಬರಲ್ಲಿ ಯಾರನ್ನು ಬಿಡಲಿ ಎಂದು ಆ ಮಳೆಗಾಲವೆಲ್ಲ ಕೊರಗಿದೆ. ಮಗಳು ಕಣ್ಣಿಗೆ ಕಾಣದಿದ್ದರೆ ಸಾಕು, ಅಣ್ಣ ಎಲ್ಲಿಗೋ ಸಾಗಿಸಿದನೇನೋ ಎಂದು ಓಣಿಯಲ್ಲೆಲ್ಲ ಹುಡುಕುತ್ತಿದ್ದೆ.

ನವಣೆ ಕೊಯ್ಲಿನ ಹೊತ್ತಿಗೆ ಅತ್ತೆ ಬಂದರು. ಅಷ್ಟು ದೂರದ ಗಾಡಿ ಪ್ರಯಾಣ ಮಾಡಿ, ಒಬ್ಬರೇ. ಅಂಗಳದಲ್ಲೇ ನಿಂತು ಅಣ್ಣನಿಗೆ ಹೇಳಿದರು: “ನನ್ ಮಗ ಸತ್ತ ಅಂತ ತಿಳ್ಕಂಡೀನಪ್ಪ. ಸತ್ತೋನ ಮಗ್ಳು ನಮ್ ಮನೇದು. ಸೊಸೆನೂ ನಮ್ ಮನೇಳು. ಕರ್ಕಂಡ್ ಹೋಗಾಕೆ ಬಂದೀನಿ.” ಅದಕ್ಕೆ ಅಣ್ಣ ಎದುರಾಡುವಂತಿರಲಿಲ್ಲ. ಬುತ್ತಿ ಕಟ್ಟಿಸಿ ಕಳಿಸಿಕೊಟ್ಟ.

ಗಾಡಿಯಲ್ಲಿ ನಾನು ಅಳುತ್ತಾ ಕುಳಿತಿದ್ದೆ. ಹಿರಿಯೂರು ದಾಟಿತು. ಹೊಳಲ್ಕೆರೆಗೆ ದುರ್ಗದ ಮೇಲೆಯೇ ಹೋಗಬೇಕು. ಮರುದಿನ ದುರ್ಗ ಬಂದಾಗ ಅತ್ತೆ ಗಾಡಿಯವನಿಗೆ, “ಆ ಉಪದೇಶಿ ಮನೆ ಎಲ್ಲೈತೋ ಅಲ್ಲಿಗೆ ಹೊಡಿ” ಎಂದರು. ಮನೆಯ ಮುಂದೆ ಗಾಡಿ ನಿಂತಾಗ, ಪಕ್ಕದಲ್ಲೇ ಮನೆ ಮಾಡಿಕೊಂಡಿದ್ದ ಯಜಮಾನರು ಹೊರಗೆ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ತಾಯಿಯ ಹತ್ತಿರ ಬರಬಹುದೋ ಬಾರದೋ ಎಂದು ಅವರಿಗೆ ಗೊತ್ತಾಗಲಿಲ್ಲ. ಅತ್ತೆ ಗಾಡಿಯಿಂದ ಇಳಿಯಲಿಲ್ಲ. ಮಗಳನ್ನು ನನ್ನ ಕೈಗೆ ಕೊಟ್ಟು, “ಇಳಿಯವ್ವ. ಎತ್ತು ಬಿಚ್ಚಾಕಿಲ್ಲ, ಹೊತ್ತಾಗ್ತತೆ” ಎಂದರು. ಉಪದೇಶಿಯ ಹೆಂಡತಿ ತಂಬಿಗೆ ತಂದರೆ ಕೈ ಅಡ್ಡ ಮಾಡಿದರು. ಮಗನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, “ಸೊರಗೀಯ” ಎಂದು ಒಂದೇ ಮಾತು ಹೇಳಿದರು. ಗಾಡಿ ಹೊರಟಿತು. ಊರಿಗೆ ಹೋಗಿ ಚಿಕ್ಕಪ್ಪನಿಗೆ ಏನು ಹೇಳಿದರೋ, ಎಷ್ಟು ಬೈಸಿಕೊಂಡರೋ, ನನಗೆ ಎಂದೂ ಹೇಳಲಿಲ್ಲ.

ಗಂಡನ ಮನೆಯೊಳಗೆ ಕಾಲಿಡುವ ಮೊದಲು ನಾನು ಒಂದು ಮಾತು ಕೇಳಿದೆ. “ನಾನು ಲಿಂಗ ಬಿಚ್ಚಲ್ಲ. ನೀವು ನಂಗೆ ನೀರಿನ ಮಾತು ಎತ್ತಬಾರ್ದು.” ಅವರು, “ಎತ್ತಲ್ಲ” ಎಂದರು.

ಎತ್ತಲಿಲ್ಲ. ಮಗಳಿಗೆ ನೀರು ಹಾಕಿಸಲು ನಾನೇ ಹೂಂ ಎಂದೆ. ಅಪ್ಪ ಒಂದು ಕಡೆ, ಮಗಳು ಒಂದು ಕಡೆ ಆಗುವುದು ಬೇಡವೆನ್ನಿಸಿತು. ಅವತ್ತು ಮಿಷನ್ ದೇವಾಲಯದ ಬಾಗಿಲ ಹತ್ತಿರ ನಿಂತು ಮೊದಲ ಸಲ ನೋಡಿದೆ. ಕೆರೆಯಲ್ಲಿ ಮುಳುಗಿಸುತ್ತಾರೆ ಎಂದುಕೊಂಡಿದ್ದೆ. ಪಾದ್ರಿಗಳು ಬಟ್ಟಲಿನಿಂದ ಅಂಗೈಯಲ್ಲಿ ಸ್ವಲ್ಪ ನೀರು ತೆಗೆದು ಅವಳ ನೆತ್ತಿಗೆ ಹಾಕಿದರು. ಇಷ್ಟು ನೀರಿಗೇ ಅಷ್ಟು ಹೆದರಿದೆನೇ ಎನ್ನಿಸಿತು. ಆದರೂ ಕಂಬ ಹಿಡಿದುಕೊಂಡೇ ನಿಂತಿದ್ದೆ.

ಅಲ್ಲಿಂದ ಮುಂದೆ ಹೆದರುವ ಪಾಳಿ ಅವರದಾಯಿತು. ಎರಡನೆಯ ಹೆರಿಗೆ ಕಷ್ಟವಾಯಿತು. ನೋವಿನ ನಡುವೆ ಗೋಡೆಯಾಚೆ ಅವರು ಅತ್ತಿಂದಿತ್ತ ನಡೆಯುವುದು ಕೇಳಿಸುತ್ತಿತ್ತು. ಆ ಮಗು ಉಳಿಯಲಿಲ್ಲ. ನಾನು ಉಳಿದೆ. ಕಣ್ಣು ಬಿಟ್ಟಾಗ ಅವರು ನನ್ನ ಹಾಸಿಗೆಯ ಪಕ್ಕ ಕುಳಿತಿದ್ದರು. ತುಟಿಯ ತುದಿಗೆ ಒಂದು ಮಾತು ಬಂದು ನಿಂತಿದೆ, ನುಂಗಿಕೊಳ್ಳುತ್ತಿದ್ದಾರೆ ಎಂದು ನನಗೆ ತಿಳಿಯಿತು.

“ಹಿಂಗೇ ಹೋಗ್ಬಿಟ್ಟಿದ್ರೆ ನಾನೇನಾಗ್ತಿದ್ದೆ?” ಎಂದು ನಾನೇ ಕೇಳಿದೆ.

“ನಂಗೊತ್ತಿಲ್ಲ,” ಎಂದರು. “ಗೊತ್ತೈತೆ ಅಂತ ಹೇಳೋರು ನಮ್ಮಲ್ಲೂ ಅವ್ರೆ. ನಂಗೊತ್ತಿಲ್ಲ.” ಆ ಮಾತಿಗಾಗಿ ಅವರ ಮೇಲೆ ನನಗೆ ಹಿಂದೆಂದೂ ಇರದಷ್ಟು ಗೌರವ ಬಂತು.

ಅತ್ತೆ ತೀರಿಕೊಂಡಾಗ ಮಣ್ಣಿಗೆ ಹೋದೆವು. ಯಜಮಾನರನ್ನು ಹತ್ತಿರ ಸೇರಿಸಲಿಲ್ಲ. ಹೊಲದ ಬದುವಿನ ಮೇಲೆ ನಿಂತಿದ್ದರು. ಅತ್ತೆಯ ಕೈಯಲ್ಲಿ ಅವರ ಲಿಂಗ ಇಟ್ಟು, ಪಕ್ಕದಲ್ಲೇ ಮಗನ ಕರಡಿಗೆಯನ್ನೂ ಇಟ್ಟು ಮುಚ್ಚಿದರಂತೆ. ಹಾಗೆಂದು ಅತ್ತೆಯೇ ಹೇಳಿಹೋಗಿದ್ದರಂತೆ. ಬರುವಾಗ ದಾರಿಯಲ್ಲಿ ಯಜಮಾನರು, “ನಂಬಿಕೆನೂ ಇಲ್ಲ, ನೀರೂ ಇಲ್ಲ. ನಮ್ಮವ್ವನ ಬಗ್ಗೆ ಯಾರ ಹತ್ರ ಕೇಳ್ಲಿ?” ಎಂದರು. ಪಾದ್ರಿಗಳನ್ನು ಕೇಳಿದ್ದರಂತೆ. ಆ ದೊಡ್ಡವರು, ಅದನ್ನು ದೇವರ ಕೈಗೆ ಬಿಡು ಎಂದರಂತೆ. ಬಿಡಲು ಯಜಮಾನರಿಗೆ ಆಗಲೇ ಇಲ್ಲ. ಉಪದೇಶಿಯ ಹೆಂಡತಿಯ ಹಾಗೆ ಅವರೂ ಬೆಳಿಗ್ಗೆ ಕಣ್ಣು ಮುಚ್ಚಿ ಬಹಳ ಹೊತ್ತು ಕೂರುತ್ತಿದ್ದರು.

ಅವರ ಕೊನೆಯ ಕಾಯಿಲೆಯಲ್ಲಿ ನಾನು ಹೇಳಿದೆ, “ಈಗ ಕೇಳ್ರಿ. ಕೇಳಿದ್ರೆ ಹೂಂ ಅಂತೀನಿ.”

ಅವರು ತಲೆ ಅಲ್ಲಾಡಿಸಿದರು. “ನನ್ ಸಲುವಾಗಿ ಬ್ಯಾಡ. ನನ್ ಸಲುವಾಗಿ ಹಾಕಿಸ್ಕಂಡ್ರೆ ಅದು ಬರೀ ನೀರು.”

ಅವರು ಹೋಗಿ ವರ್ಷಗಳಾದವು. ಮಗಳ ಮನೆಯಲ್ಲಿದ್ದೇನೆ. ಬೆಳಿಗ್ಗೆ ಎದ್ದು ಲಿಂಗಪೂಜೆ ಮಾಡಿ ವಿಭೂತಿ ಇಟ್ಟುಕೊಳ್ಳುತ್ತೇನೆ. ಭಾನುವಾರ ಮಗಳ ಜೊತೆ ದೇವಾಲಯಕ್ಕೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಅಲ್ಲಿ ಹೇಳುವುದರಲ್ಲಿ ಹಲವು ಮಾತು ನನಗೆ ನಿಜವೆನ್ನಿಸುತ್ತವೆ. ಅಷ್ಟಾದ ಮೇಲೂ ನೀರು ಹಾಕಿಸಿಕೊಳ್ಳಲು ಎದ್ದು ಹೋಗಲು ಕಾಲು ಬರುವುದಿಲ್ಲ. ಹೋದ ತಿಂಗಳು ನೆಗಡಿಯಾಗಿ ಮಲಗಿದ್ದಾಗ ಮಗಳು ಕಷಾಯ ತಂದು ಮಂಚದ ಅಂಚಿಗೆ ಕುಳಿತಳು.

“ಅವ್ವ, ಪಾದ್ರಿಗಳನ್ನ ಕರೀಲಾ?”

“ಬರೀ ನೆಗಡಿ ಕಣೆ,” ಎಂದೆ.

ಅವಳು ಎದ್ದು ಹೋಗಲಿಲ್ಲ. ಕಷಾಯ ಆರುವವರೆಗೆ ನನ್ನ ಕೈಮೇಲೆ ಕೈಯಿಟ್ಟುಕೊಂಡು ಹಾಗೇ ಕುಳಿತಿದ್ದಳು. “ನಾಳೆ ಕರೆಸು” ಎನ್ನಬೇಕೆಂದು ಒಂದು ಸಲ ಅನ್ನಿಸಿತು, ಹೇಳಲಿಲ್ಲ.